ಹಲವು ಕೈ, ಒಂದೇ ಅಳತೆ: ಹಳ್ಳಿಯ ಮಹಿಳಾ ನೇಯ್ಗೆ-ಹೆಣಿಗೆ ಮನೆಗೆ ಮೊದಲ ಹಾಸಿನಿಂದ ಮೊದಲ ಕೂಲಿಯವರೆಗಿನ ಮಾರ್ಗದರ್ಶಿ

ಮಗ್ಗ ಬರುತ್ತದೆ, ನೂಲು ಬರುತ್ತದೆ, ಕಲಿಯಲು ಎಂಟು-ಹತ್ತು ಹೆಂಗಸರು ಬರುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಮಗ್ಗದ ಮೇಲೆ ಅರ್ಧಕ್ಕೆ ನಿಂತ ಹಾಸು (ಬಟ್ಟೆಯ ಉದ್ದಕ್ಕೆ ಬಿಗಿದ ಎಳೆಗಳು), ಮೂಲೆಯಲ್ಲಿ ಗೋಜಲಾದ ನೂಲು, ಒಂದಕ್ಕೊಂದು ಅಳತೆ ಸೇರದ ನಾಲ್ಕು ಸ್ವೆಟರ್. ಹಲವು ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಕೈಚಳಕದ ಕೊರತೆ ಕಾರಣ ಎಂದು ಹೇಳುವುದು ತಪ್ಪು. ಮನೆಕೆಲಸ, ಹೊಲದ ಕೆಲಸ, ಮಕ್ಕಳ ನಡುವೆ ದಿನಕ್ಕೆ ಎರಡು-ಮೂರು ತಾಸು ಬಿಡುವು ಮಾಡಿಕೊಂಡು ಬರುವವರು ಇವರು. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಹಿಡಿಯುತ್ತಾರೆ. ನೇಯ್ಗೆಯಲ್ಲಿ ಕೆಲಸವನ್ನು ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಲೇಬಾರದು ಎಂಬುದು ಗೊತ್ತಿಲ್ಲದೆ ಕೈ ಬದಲಾದಾಗ ಹಾಸು ಕೆಡುತ್ತದೆ.

ಆದ್ದರಿಂದ ಇಲ್ಲಿ ಪ್ರತಿ ಹಂತದಲ್ಲೂ ಕೈ ಬದಲಿಸುವ ಜಾಗವನ್ನು ಗುರುತಿಸಿದೆ. ಉದಾಹರಣೆಗೆ ಒಂದೇ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದಿದ್ದೇವೆ: ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ನಾಲ್ಕು ಹೀಲ್ಡ್ ಚೌಕಟ್ಟುಗಳಿರುವ ಕಾಲ್ಮೆಟ್ಟಿನ ಮಗ್ಗದ ಮೇಲೆ ಸಾದಾ ನೇಯ್ಗೆಯ ಆರು ಹತ್ತಿ ಶಾಲು. ತೊಳೆದ ಮೇಲೆ ಒಂದೊಂದೂ 22 ಇಂಚು ಅಗಲ, 72 ಇಂಚು ಉದ್ದ ಬರಬೇಕು.

## ಹಂತ 1: ನೂಲು ಮುಟ್ಟುವ ಮೊದಲು ಲೆಕ್ಕ

ನೂಲು 20 ನಂಬರಿನ ಎರಡೆಳೆ, ಅಂದರೆ 2/20. ಹತ್ತಿ ನೂಲಿನ ನಂಬರ್ ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆ ಎಂಬ ಲೆಕ್ಕ. ಎರಡೆಳೆ ಹುರಿ ಮಾಡಿದಾಗ 20 ಎಂಬುದು 10 ಆಗುತ್ತದೆ. ಪೌಂಡಿಗೆ 8,400 ಗಜ, ಗ್ರಾಮಿಗೆ ಸುಮಾರು 18.5 ಗಜ. ಈ 18.5 ಎಂಬ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ, ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಆಧಾರ.

ಅಗಲ: ಮಗ್ಗದ ಮೇಲೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ತೊಳೆದಾಗ ಇನ್ನಷ್ಟು ಕುಗ್ಗುತ್ತದೆ. 22 ಇಂಚು ಬೇಕಾದರೆ ಹಣಿಗೆಯಲ್ಲಿ, ಅಂದರೆ ಎಳೆಗಳನ್ನು ಸಮ ದೂರದಲ್ಲಿ ಹಿಡಿದು ನೇಯುವಾಗ ಬಡಿಯುವ ಬಾಚಣಿಗೆಯಲ್ಲಿ, 24 ಇಂಚು ಹರಡಬೇಕು. ಇಂಚಿಗೆ 30 ಎಳೆ ಎಂದರೆ 24 ಇಂಚಿಗೆ 720 ಎಳೆ.

ಉದ್ದ: ನೇಯುವಾಗ 80 ಇಂಚು ನೇಯ್ದರೆ ತೊಳೆದ ಮೇಲೆ 72ರ ಹತ್ತಿರ ಬರುತ್ತದೆ. ಎರಡೂ ತುದಿಯ ಕುಚ್ಚಿಗೆ 8 ಇಂಚು ಸೇರಿಸಿ 88. ಆರು ಶಾಲಿಗೆ 528 ಇಂಚು. ಮಗ್ಗದಲ್ಲಿ ನೇಯಲಾಗದೆ ಉಳಿಯುವ ತುದಿಗೆ 36 ಇಂಚು ಬಿಡಿ. ಒಟ್ಟು 564 ಇಂಚು. ಪೂರ್ಣಾಂಕಕ್ಕೆ ಏರಿಸಿ 16 ಗಜ ಎಂದಿಟ್ಟುಕೊಳ್ಳಿ.

ತೂಕ: 720 ಎಳೆ × 16 ಗಜ = 11,520 ಗಜ. ಅದನ್ನು 18.5ರಿಂದ ಭಾಗಿಸಿದರೆ ಸುಮಾರು 622 ಗ್ರಾಂ. ಗಂಟು, ಕಡಿತಕ್ಕೆಂದು 660 ಗ್ರಾಂ ತೆಗೆದಿಡಿ. ಹೊಕ್ಕಿಗೆ, ಅಂದರೆ ಅಡ್ಡಕ್ಕೆ ಹಾಯುವ ನೂಲಿಗೆ, ಇಂಚಿಗೆ 28 ಎಳೆ. ಒಂದು ಶಾಲಿಗೆ ಹೊಕ್ಕಿನ ನೂಲು ಹೊತ್ತ ಲಾಳಿ 2,240 ಬಾರಿ ಓಡಬೇಕು, ಒಂದೊಂದು ಓಟಕ್ಕೂ ಸುಮಾರು 25 ಇಂಚು ನೂಲು. ಆರು ಶಾಲಿಗೆ 505 ಗ್ರಾಂ ಆಸುಪಾಸು. 555 ಗ್ರಾಂ ಇರಲಿ.

ಇಲ್ಲಿ ಆಗುವ ತಪ್ಪು ಒಂದೇ: ಬಣ್ಣದ ನೂಲನ್ನು ಸ್ವಲ್ಪ ಸ್ವಲ್ಪವೇ ತರಿಸುವುದು. ಒಂದೇ ಬಣ್ಣವಾದರೂ ಬೇರೆ ಬೇರೆ ಹಂಡೆಯಲ್ಲಿ ಅದ್ದಿದ ನೂಲು ಒಂದೇ ಥರ ಇರುವುದಿಲ್ಲ. ಆರೂ ಶಾಲಿನ ನೂಲನ್ನು ಒಟ್ಟಿಗೆ ತರಿಸಿ, ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ನೂಲನ್ನು ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ನೂಲನ್ನು ಲಡಿಯಲ್ಲೇ, ನೀರು ತಿಳಿಯಾಗುವ ತನಕ ಜಾಲಿಸಿ ಒಣಗಿಸಿಕೊಳ್ಳಬೇಕು.

## ಹಂತ 2: ಜಾಗ ಮತ್ತು ಸಾಮಾನು

ಮಗ್ಗದ ಹಿಂದೆ ಮತ್ತು ಎರಡೂ ಬದಿಯಲ್ಲಿ ಒಬ್ಬರು ಓಡಾಡುವಷ್ಟು, ಅಂದರೆ ಮೂರು ಅಡಿ ಜಾಗ ಬೇಕು. ಗೋಡೆಗೆ ಒತ್ತಿಟ್ಟ ಮಗ್ಗಕ್ಕೆ ಹಾಸು ಏರಿಸುವುದು ಆಗದ ಮಾತು. ಬೆಳಕು ಪಕ್ಕದಿಂದ ಬರಲಿ. ಬಿಸಿಲು ನೇರವಾಗಿ ಹಾಸಿನ ಮೇಲೆ ಬಿದ್ದರೆ ಬಣ್ಣ ಮಾಸುತ್ತದೆ, ನೂಲು ಒಣಗುತ್ತದೆ. ಹತ್ತಿ ನೂಲು ತೇವ ಇದ್ದಾಗ ಗಟ್ಟಿ, ಒಣಗಿದಾಗ ದುರ್ಬಲ. ಜವಳಿ ಪ್ರಯೋಗಾಲಯಗಳು ನೂಲನ್ನು 20 ಡಿಗ್ರಿ ಸೆಲ್ಸಿಯಸ್, ಶೇ. 65 ತೇವಾಂಶದ ಕೋಣೆಯಲ್ಲಿಟ್ಟು ಪರೀಕ್ಷಿಸುವುದು ಇಂಥ ವ್ಯತ್ಯಾಸ ತಪ್ಪಿಸಲೆಂದೇ. ಒಣ ಹವೆಯ ದಿನ ಎಳೆಗಳು ಪಟಪಟ ಕಡಿಯತೊಡಗಿದರೆ ಮಗ್ಗದ ಹಿಂದೆ ಒದ್ದೆ ಬಟ್ಟೆ ಹರಡಿ, ನೆಲಕ್ಕೆ ನೀರು ಚಿಮುಕಿಸಿ. ಉಣ್ಣೆಯ ಗುಣ ಇದಕ್ಕೆ ತದ್ವಿರುದ್ಧ: ಒದ್ದೆಯಾದಾಗ ಅದರ ಬಲ ತಗ್ಗುತ್ತದೆ.

ಸಾಮಾನುಗಳು: ಲಡಿ ಬಿಚ್ಚುವ ರಾಟೆ, ಹಾಸು ಸುತ್ತಲು ಗೂಟದ ಹಲಗೆ ಅಥವಾ ತಿರುಗುವ ಚೌಕಟ್ಟು, ನಯವಾಗಿ ಉಜ್ಜಿದ ಎರಡು ಕೋಲು, ಇಂಚಿಗೊಂದು ಮೊಳೆ ಹೊಡೆದ ಮರದ ಪಟ್ಟಿ, ಎರಡು ಇಂಚಿನಲ್ಲಿ 30 ಸಂದುಗಳಿರುವ ಹಣಿಗೆ, ಅಂದರೆ 30 ನಂಬರಿನದು, ಚೌಕಟ್ಟಿಗೆ 180ರಂತೆ 720 ಹೀಲ್ಡ್ (ನಡುವೆ ಎಳೆ ತೂರಿಸುವ ಕಣ್ಣಿರುವ ತಂತಿ ಅಥವಾ ದಾರ), ಮೇಲೆ ಹತ್ತು-ಹನ್ನೆರಡು ಹೆಚ್ಚುವರಿ, ಚಪ್ಪಟೆ ಕೊಕ್ಕೆ, ಎರಡು ಲಾಳಿ, ಹೊಕ್ಕಿನ ನೂಲು ಸುತ್ತಿ ಲಾಳಿಯೊಳಗೆ ಕೂರಿಸುವ ಒಂದು ಡಜನ್ ಕಂಡಿಕೆ, 28 ಇಂಚು ಅಗಲದ ದಪ್ಪ ಕಂದು ಕಾಗದ, ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ, ಬಣ್ಣಬಣ್ಣದ ಕಟ್ಟುದಾರ. ಗೂಟಗಳು ಅಲುಗಾಡದಿರಲಿ. ನೂಲು ಏರಿದಂತೆ ಗೂಟ ಒಳಕ್ಕೆ ಬಾಗಿದರೆ ಕೊನೆಯ ಎಳೆಗಳು ಮೊದಲಿನವಕ್ಕಿಂತ ಗಿಡ್ಡವಾಗುತ್ತವೆ. 16 ಗಜದ ಹಾಸಿಗೆ ತಿರುಗುವ ಚೌಕಟ್ಟೇ ಮೇಲು.

ಕೂರುವ ಮಣೆಯ ಎತ್ತರವನ್ನು ಎಲ್ಲರೂ ಮರೆಯುತ್ತಾರೆ. ಕುಳಿತಾಗ ಮೊಣಕೈ ಮಗ್ಗದ ಮುಂದಿನ ಅಡ್ಡಮರಕ್ಕಿಂತ ತುಸು ಮೇಲಿರಬೇಕು. ಗಿಡ್ಡ ಇರುವವರಿಗೆ ಮಣೆಯ ಮೇಲೆ ಇನ್ನೊಂದು ಹಲಗೆ ಇಡಿ. ಒಂದೇ ಎತ್ತರದ ಮಣೆಯಲ್ಲಿ ಎಲ್ಲರನ್ನೂ ಕೂರಿಸಿದರೆ ಹೆಗಲು ನೋವು ಖಂಡಿತ. ಮುಕ್ಕಾಲು ತಾಸಿಗೊಮ್ಮೆ ಎದ್ದು ಓಡಾಡಿ.

## ಹಂತ 3: ಹಾಸು ಸುತ್ತುವುದು

ಇಡೀ ನೇಯ್ಗೆಯ ಹಣೆಬರಹ ಇಲ್ಲೇ ಬರೆದಾಗುತ್ತದೆ. 720 ಎಳೆಗಳನ್ನು ಒಂದೇ ಸುತ್ತಿಗೆ ಮುಗಿಸಲು ಹೋಗಬೇಡಿ. 240 ಎಳೆಗಳ ಮೂರು ಪಾಲು ಮಾಡಿ. ಗೂಟದಿಂದ ತೆಗೆಯುವಾಗ ಪ್ರತಿ ಪಾಲನ್ನೂ ಸರಪಣಿಯಂತೆ ಕುಣಿಕೆ ಹಾಕುತ್ತ ಸುತ್ತಿಡುತ್ತೇವೆ, ಅದನ್ನು ಜಡೆ ಎನ್ನೋಣ.

ನಿಯಮ ಹೀಗೆ: ಒಂದು ಜಡೆ, ಒಂದೇ ಕೈ. ಮೊದಲ ಜಡೆಯನ್ನು ಒಬ್ಬರು, ಎರಡನೆಯದನ್ನು ಇನ್ನೊಬ್ಬರು ಸುತ್ತಬಹುದು; ಜಡೆಯ ನಡುವೆ ಮಾತ್ರ ಕೈ ಬದಲಾಗಬಾರದು. ಒಬ್ಬೊಬ್ಬರ ಬಿಗಿತ ಒಂದೊಂದು. ಜಡೆ ಜಡೆಗೆ ಬಿಗಿತ ಬೇರೆಯಾದರೆ ದಿಂಡಿಗೆ (ಮಗ್ಗದ ಹಿಂದೆ ಹಾಸು ಸುತ್ತಿಕೊಳ್ಳುವ ಉರುಳುಮರಕ್ಕೆ) ಸುತ್ತುವಾಗ ಎಲ್ಲವನ್ನೂ ಸಮನಾಗಿ ಎಳೆದು ಹಿಡಿಯುವುದರಿಂದ ಉದ್ದದ ವ್ಯತ್ಯಾಸ ಕೊನೆಯ ತುದಿಗೆ ಜಾರಿಹೋಗುತ್ತದೆ. ಅದೇ ಒಂದು ಜಡೆಯೊಳಗೇ ಹತ್ತು ಎಳೆ ಬಿಗಿ, ಹತ್ತು ಎಳೆ ಸಡಿಲ ಇದ್ದರೆ ಅದನ್ನು ಯಾವ ಹಂತದಲ್ಲೂ ಸರಿಪಡಿಸಲಾಗದು. ಬಟ್ಟೆಯುದ್ದಕ್ಕೂ ಸುಕ್ಕಿನ ಪಟ್ಟಿಯಾಗಿ ಅದು ಕಾಣುತ್ತಲೇ ಇರುತ್ತದೆ.

1. ಮೊದಲು 16 ಗಜದ ಬಣ್ಣದ ದಾರವೊಂದನ್ನು ಗೂಟಗಳ ಮೇಲೆ ಓಡಿಸಿ ದಾರಿ ಗುರುತು ಮಾಡಿಕೊಳ್ಳಿ. ಕೈ ಬದಲಾದವರಿಗೂ ಅದೇ ದಾರಿ.

2. ಒಂದು ತುದಿಯ ಎರಡು ಗೂಟಗಳಲ್ಲಿ, ಹೋಗುವ ಎಳೆ ಮೊದಲ ಗೂಟದ ಮೇಲಿಂದ ಎರಡನೆಯದರ ಕೆಳಗೆ, ಬರುವ ಎಳೆ ಅದಕ್ಕೆ ತಿರುವುಮುರುವಾಗಿ ಸಾಗಬೇಕು. ನಡುವೆ ಎಳೆಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಎಳೆಗಳ ಸರದಿಯನ್ನು ಕಾಯುವುದು ಈ ಕತ್ತರಿಯೊಂದೇ. ಇದು ತಪ್ಪಿಹೋದ ಹಾಸು ಬರೀ ನೂಲಿನ ಗುಡ್ಡೆ.

3. 30 ಎಳೆಗೊಮ್ಮೆ ಬಣ್ಣದ ದಾರವನ್ನು ಹೆಣೆಯುತ್ತ ಸಾಗಿ. ಒಂದು ಕಟ್ಟು ಎಂದರೆ ಹಣಿಗೆಯ ಒಂದು ಇಂಚು. ಜಡೆಗೆ ಎಂಟು ಕಟ್ಟು. ಯಾರಾದರೂ ಕರೆದರೆ ಕಟ್ಟು ಮುಗಿಸಿ, ನೂಲನ್ನು ಗೂಟಕ್ಕೆ ಸುತ್ತಿ, ಚೀಟಿಯಲ್ಲಿ ಎಷ್ಟನೇ ಕಟ್ಟು ಎಂದು ಬರೆದು ಏಳಬೇಕು. ಬಾಯಲ್ಲಿ ಎಣಿಸಿಟ್ಟ ಲೆಕ್ಕ ನಿಲ್ಲುವುದಿಲ್ಲ.

4. ನೂಲಿನಲ್ಲಿ ಗಂಟು ಬಂದರೆ ತುದಿಯ ಗೂಟದ ತನಕ ಹಿಂದೆ ಹೋಗಿ, ಅಲ್ಲಿ ಕತ್ತರಿಸಿ ಕಟ್ಟಿ. ನಡುವಿನ ಗಂಟು ಹೀಲ್ಡ್ ಕಣ್ಣಿನಲ್ಲೋ ಹಣಿಗೆಯಲ್ಲೋ ಸಿಕ್ಕಿ ಕಡಿಯುತ್ತದೆ.

5. ತೆಗೆಯುವ ಮೊದಲು ಕತ್ತರಿಯ ನಾಲ್ಕೂ ತೋಳುಗಳನ್ನು ಬೇರೆ ಬೇರೆ ಕಟ್ಟಿ, ಎರಡೂ ತುದಿಗಳನ್ನು ಕಟ್ಟಿ, ಎರಡು ಗಜಕ್ಕೊಂದು ಬಿಗಿ ಕಟ್ಟು ಹಾಕಿ. ಆಮೇಲಷ್ಟೇ ಜಡೆ.

ಎಚ್ಚರಿಕೆಯ ಗುರುತು: ಸುತ್ತಿದ ಎಳೆಗಳ ಮೇಲೆ ಬೆರಳು ಆಡಿಸಿದಾಗ ಕೆಲವು ಜೋತುಬಿದ್ದರೆ ಅಷ್ಟನ್ನು ಆಗಲೇ ಬಿಚ್ಚಿ ಮತ್ತೆ ಸುತ್ತಿ. ‘ಮಗ್ಗದ ಮೇಲೆ ಸರಿಹೋಗುತ್ತದೆ’ ಎಂಬ ಮಾತನ್ನು ಈ ಹಂತದಲ್ಲಿ ಯಾರೂ ಆಡಬಾರದು.

ಎರಡೆಳೆ ಹುರಿನೂಲಿಗೆ ಗಂಜಿ ಬೇಡ. ಒಂಟಿ ಎಳೆಯಾದರೆ ಗಂಜಿ ಹಾಕಲೇಬೇಕು, ಇಲ್ಲದಿದ್ದರೆ ಹೀಲ್ಡಿಗೆ ಉಜ್ಜಿ ನಾರೆದ್ದು ಹೋಗುತ್ತದೆ. ಹೊಸಬರು ಮೊದಲ ಮೂರು ಹಾಸನ್ನಾದರೂ ಎರಡೆಳೆಯಲ್ಲೇ ಮಾಡಲಿ.

## ಹಂತ 4: ದಿಂಡಿಗೆ ಸುತ್ತುವುದು

ಇದಕ್ಕೆ ಮೂರು ಜನ ಬೇಕು, ಒಂದೂವರೆ ತಾಸು ಬೇಕು, ನಡುವೆ ನಿಲ್ಲಿಸುವಂತಿಲ್ಲ. ಮೂವರಿಗೂ ಬಿಡುವಿರುವ ಹೊತ್ತು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ.

ಕತ್ತರಿಯ ಎರಡೂ ಬದಿಗೆ ಒಂದೊಂದು ಕೋಲು ತೂರಿಸಿ, ಕೋಲುಗಳ ತುದಿಗಳನ್ನು ಜೋಡಿಸಿ ಕಟ್ಟಿ. ಆಮೇಲೆ ಕತ್ತರಿಯ ದಾರ ಬಿಚ್ಚಿ. ಈ ಅನುಕ್ರಮ ತಿರುಗಿದರೆ, ದಾರ ಮೊದಲು ಬಿಚ್ಚಿದರೆ, ಹಿಂದಿನ ಆರು ತಾಸಿನ ಕೆಲಸ ಹೋಯಿತು. ಒಂದೊಂದು ಕಟ್ಟನ್ನೂ ಮೊಳೆಪಟ್ಟಿಯ ಒಂದೊಂದು ಸಂದಿಗೆ ಇಡಿ. 24 ಕಟ್ಟು, 24 ಸಂದು. ಪಟ್ಟಿಯ ನಡುಮಧ್ಯ ಮಗ್ಗದ ನಡುಮಧ್ಯಕ್ಕೆ ಸರಿಯಾಗಿರಲಿ.

ಒಬ್ಬರು ದಿಂಡು ತಿರುಗಿಸುತ್ತಾರೆ. ಇನ್ನೊಬ್ಬರು ಮುಂದೆ ನಿಂತು ಮೂರೂ ಜಡೆಗಳನ್ನು ಒಂದೇ ಬಿಗಿತದಲ್ಲಿ ಎಳೆದು ಹಿಡಿಯುತ್ತಾರೆ. ಮೂರನೆಯವರು ಕಾಗದ ತೂರಿಸುತ್ತ ಮೊಳೆಪಟ್ಟಿಯ ಮೇಲೆ ಕಣ್ಣಿಡುತ್ತಾರೆ. ಕಾಗದ ಎರಡೂ ಬದಿಗೆ ಎರಡೆರಡು ಇಂಚು ಹೊರಚಾಚಿರಬೇಕು. ಕಾಗದ ಸೊಟ್ಟವಾದರೆ, ಗಿಡ್ಡವಾದರೆ ಅಂಚಿನ ಎಳೆಗಳು ಕೆಳಗಿನ ಪದರಕ್ಕೆ ಜಾರಿ ಇಳಿಯುತ್ತವೆ, ಮುಂದೆ ನೇಯುವಾಗ ಅಂಚು ಮಾತ್ರ ಸಡಿಲವಾಗುತ್ತದೆ. ‘ಅಂಚು ಸರಿ ಬರುತ್ತಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಲಾಳಿಯಲ್ಲ, ಈ ಕಾಗದ.

ಎಳೆಗಳು ಸಿಕ್ಕಾದಾಗ ಬೆರಳಿಂದ ಬಾಚುವ ಚಪಲ ಬರುತ್ತದೆ. ಬಾಚಬೇಡಿ, ಬಾಚಿದರೆ ಕೆಲವು ಎಳೆ ಮುಂದಕ್ಕೆ ಬಂದು ಜೋಲುತ್ತವೆ. ಜಡೆಯನ್ನು ಬಿಗಿಯಾಗಿ ಹಿಡಿದು ಎರಡು ಸಲ ಜಾಡಿಸಿ, ಹೆಚ್ಚಿನ ಸಿಕ್ಕು ತಾನಾಗಿ ಬಿಡುತ್ತದೆ. ಮುಂದಿನ ಅಡ್ಡಮರದಾಚೆ ಒಂದೂವರೆ ಅಡಿ ಉಳಿದಾಗ ನಿಲ್ಲಿಸಿ.

## ಹಂತ 5: ಹೀಲ್ಡ್ ಕಣ್ಣು ಮತ್ತು ಹಣಿಗೆ ತುಂಬುವುದು

ಎಷ್ಟು ಸಲ ಬೇಕಾದರೂ ನಿಲ್ಲಿಸಬಹುದಾದ ಕೆಲಸ ಇದು. ದಿನಕ್ಕೆ ಅರ್ಧ ತಾಸು ಸಿಗುವವರಿಗೆ ಹೇಳಿಮಾಡಿಸಿದ್ದು.

ಸರದಿ 1, 2, 3, 4. ಮತ್ತೆ 1, 2, 3, 4. ಆರು ಸರದಿಗೆ 24 ಎಳೆ. ಪ್ರತಿ 24 ಎಳೆಯಾದ ಮೇಲೆ ನಿಲ್ಲಿಸಿ, ಚೌಕಟ್ಟಿಗೆ ಆರರಂತೆ ಇವೆಯೇ ಎಂದು ಎಣಿಸಿ, ಜಾರುಗಂಟು ಹಾಕಿ. ಒಟ್ಟು 30 ಗಂಟು. ಕೈ ಬದಲಿಸುವುದು ಗಂಟು ಬಿದ್ದ ಮೇಲೆಯೇ. ಹೊಸದಾಗಿ ಕೂತವರು ತಮ್ಮ ಕೆಲಸಕ್ಕಿಂತ ಮೊದಲು ಹಿಂದಿನವರ ಕೊನೆಯ ಗಂಟನ್ನು ಬಿಚ್ಚಿ ಎಣಿಸಲಿ. ಇದು ಅಪನಂಬಿಕೆಯಲ್ಲ; ದಣಿದ ಕಣ್ಣಿಗೆ ತಪ್ಪಿದ್ದು ಹೊಸ ಕಣ್ಣಿಗೆ ಕಾಣುತ್ತದೆ.

ಹಣಿಗೆಯಲ್ಲಿ ಸಂದಿಗೆ ಎರಡು ಎಳೆ. ಹಣಿಗೆಯ ನಡುವಿನಿಂದ 12 ಇಂಚು ಅಳೆದು ಗುರುತು ಹಾಕಿ ಅಲ್ಲಿಂದ ಶುರುಮಾಡಿ. ಒಂದು ಸಂದು ಖಾಲಿ ಬಿಟ್ಟರೆ ಬಟ್ಟೆಯಲ್ಲಿ ಉದ್ದಕ್ಕೆ ಗೀರು, ಮೂರು ಎಳೆ ಸೇರಿದರೆ ಉದ್ದಕ್ಕೆ ದಪ್ಪ ಗೆರೆ.

## ಹಂತ 6: ಕಟ್ಟಿ ಪರೀಕ್ಷಿಸುವುದು

ಇಂಚಿಗೊಂದರಂತೆ ಕಟ್ಟುಗಳನ್ನು ಮುಂದಿನ ಕೋಲಿಗೆ ಕಟ್ಟಿ. ಮೊದಲು ನಡುವಿನದು, ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಒಂದೇ ಕಡೆಯಿಂದ ಕಟ್ಟುತ್ತ ಹೋದರೆ ಕೋಲು ವಾರೆಯಾಗುತ್ತದೆ. ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಅಂಗೈಯನ್ನು ಹಾಸಿನ ಮೇಲೆ ಮೆಲ್ಲಗೆ ಒತ್ತುತ್ತ ಸಾಗಿ. ಎಲ್ಲಿ ಮೆತ್ತಗೆನಿಸುತ್ತದೋ ಅಲ್ಲಿ ಬಿಗಿ ಮಾಡಿ. ಈ ಪರೀಕ್ಷೆಗೆ ಕಣ್ಣಿಗಿಂತ ಕೈ ನಂಬಿಕಸ್ತ.

ನಂತರ ದಪ್ಪ ಹಳೆಯ ನೂಲಿನಿಂದ ಎರಡು ಇಂಚು ನೇಯಿರಿ. ಮೆಟ್ಟು ತುಳಿದು 1-3ನ್ನು ಎತ್ತಿ, ಆಮೇಲೆ 2-4. ಎರಡು ಎಳೆ ಅಕ್ಕಪಕ್ಕ ಒಟ್ಟಿಗೇ ಏಳುತ್ತಿದ್ದರೆ ಸರದಿ ತಪ್ಪಿದೆ. ಒಂದು ಎಳೆ ಮೇಲೂ ಹೋಗದೆ ಕೆಳಗೂ ಬಾರದೆ ನಡುವೆ ನಿಂತರೆ ಅದು ಕಣ್ಣಿನೊಳಗೆ ತೂರಿಲ್ಲ, ಹೀಲ್ಡಿನ ಪಕ್ಕದಲ್ಲಿ ಹಾದಿದೆ. ಎರಡೂ ತಪ್ಪನ್ನು ಈಗ ತಿದ್ದಲು ಹತ್ತು ನಿಮಿಷ ಸಾಕು. ಅರ್ಧ ಶಾಲು ನೇಯ್ದ ಮೇಲೆ ತಿದ್ದುವ ಮಾತೇ ಇಲ್ಲ.

## ಹಂತ 7: ನೇಯ್ಗೆ

ಒಂದು ಶಾಲು, ಒಂದು ಕೈ. ಒಬ್ಬರು ಬಡಿಯುವ ರಭಸ ಇನ್ನೊಬ್ಬರಿಗೆ ಬಾರದು. ಕೈ ಬದಲಾದ ಕಡೆ ಬಟ್ಟೆಯಲ್ಲಿ ಅಡ್ಡಪಟ್ಟಿ ಎದ್ದು ಕಾಣುತ್ತದೆ. ಆರು ಶಾಲನ್ನು ಆರು ಜನ ನೇಯಲಿ, ಒಂದನ್ನು ಇಬ್ಬರು ಹಂಚಿಕೊಳ್ಳುವುದು ಬೇಡ. ಅದೇ ಹೆಂಗಸು ಮರುದಿನ ಬಂದರೂ ಕೈ ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕು, ಹಾಗಾಗಿ ಪ್ರತಿ ಸಲ ಕೂತಾಗ ಮೊದಲ ಇಂಚಿನಲ್ಲಿ ಎಳೆ ಎಣಿಸಿಕೊಳ್ಳಿ. ರಟ್ಟಿನಲ್ಲಿ ಒಂದು ಇಂಚಿನ ಚೌಕ ಕಿಟಕಿ ಕತ್ತರಿಸಿಟ್ಟುಕೊಂಡರೆ ಎಣಿಸುವುದು ಸಲೀಸು. 27ರಿಂದ 29ರವರೆಗೆ ಪರವಾಗಿಲ್ಲ. 25 ಬಂದರೆ ಬಡಿತ ಹಗುರ, 31 ಬಂದರೆ ಶಾಲು ರಟ್ಟಿನಂತಾಗುತ್ತದೆ, ಹೊಕ್ಕಿನ ನೂಲೂ ಸಾಲದೆ ಹೋಗುತ್ತದೆ.

ಹೊಕ್ಕನ್ನು ನೇರ ಎಳೆಯದೆ ಓರೆಯಾಗಿ, ಬಿಲ್ಲಿನಂತೆ ಬಿಟ್ಟು ಆಮೇಲೆ ಬಡಿಯಿರಿ. 24 ಇಂಚಿನ ಹಾಸು ಬಟ್ಟೆಯಾದಾಗ 23 ಇಂಚಿನ ಹತ್ತಿರ ಇರುವುದು ಸಹಜ. 22ಕ್ಕೆ ಇಳಿಯಿತೆಂದರೆ ಹೊಕ್ಕು ಬಿಗಿಯಾಗಿದೆ ಎಂದೇ ಅರ್ಥ, ಸ್ವಲ್ಪ ಹೊತ್ತಿಗೆ ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ಕಡಿಯತೊಡಗುತ್ತವೆ. ಅಂಚಿನ ಎಳೆ ಎರಡು ಸಲ ಕಡಿದರೆ ಮೂರನೆಯ ಗಂಟು ಹಾಕುವ ಮೊದಲು ಅಗಲ ಅಳೆಯಿರಿ.

ಎರಡು-ಮೂರು ಇಂಚಿಗೊಮ್ಮೆ ಬಟ್ಟೆಯನ್ನು ಮುಂದಕ್ಕೆ ಸುತ್ತಿಕೊಳ್ಳಿ. ಉದ್ದ ಅಳೆಯುವಾಗ ಬಿಗಿತ ಸಡಿಲಿಸಿರಬೇಕು. ಬಿಗಿದ ಬಟ್ಟೆ ಉದ್ದ ತೋರಿಸುತ್ತದೆ, ತೊಳೆದ ಮೇಲೆ ಶಾಲು ಗಿಡ್ಡವಾಗುತ್ತದೆ. ಕೆಲಸ ಬಿಟ್ಟು ಏಳುವಾಗಲೂ ಬಿಗಿತ ಇಳಿಸಿ ಏಳಿ.

ಹಾಸಿನ ಎಳೆ ಕಡಿದರೆ ಹೊಸ ಎಳೆಯನ್ನು ಹಿಂದೆ ಹಳೆಯ ತುದಿಗೆ ಕಟ್ಟಿ, ಅದೇ ಕಣ್ಣು, ಅದೇ ಸಂದಿನಿಂದ ತಂದು, ಬಟ್ಟೆಗೆ ಗುಂಡುಸೂಜಿ ಚುಚ್ಚಿ ಅದಕ್ಕೆ ಸುತ್ತಿ. ಒಂದು ಇಂಚು ನೇಯ್ದ ಮೇಲೆ ಸೂಜಿ ತೆಗೆಯಿರಿ. ತುದಿಗಳನ್ನು ತೊಳೆದ ನಂತರವೇ ಕತ್ತರಿಸಬೇಕು.

## ಹಂತ 8: ಹೆಣಿಗೆಯವರ ಅಳತೆ

ಮಗ್ಗದಲ್ಲಿ ಅಗಲವನ್ನು ಹಣಿಗೆ ಕಾಯುತ್ತದೆ. ಹೆಣಿಗೆಯಲ್ಲಿ ಕಾಯುವುದು ಕೈಯೊಂದೇ, ಅದಕ್ಕೇ ಇಲ್ಲಿ ಹೆಚ್ಚು ತಪ್ಪಾಗುತ್ತದೆ. 10 ಸೆಂ.ಮೀ.ಗೆ 22 ಕುಣಿಕೆ ಎಂಬ ಲೆಕ್ಕದಲ್ಲಿ 90 ಸೆಂ.ಮೀ. ಸುತ್ತಳತೆಯ ಸ್ವೆಟರಿಗೆ 198 ಕುಣಿಕೆ. ಅದೇ 198ನ್ನು ಬಿಗಿ ಕೈಯವರು 24ರ ಲೆಕ್ಕದಲ್ಲಿ ಹೆಣೆದರೆ ಸುತ್ತಳತೆ 82.5 ಸೆಂ.ಮೀ., ಸಡಿಲ ಕೈಯವರು 20ರ ಲೆಕ್ಕದಲ್ಲಿ ಹೆಣೆದರೆ 99. ಇಬ್ಬರೂ ಪುಸ್ತಕದ ಪ್ರಕಾರವೇ ಹೆಣೆದಿರುತ್ತಾರೆ.

ಆದ್ದರಿಂದ ಪ್ರತಿಯೊಬ್ಬರೂ, ಪ್ರತಿ ಹೊಸ ನೂಲಿಗೂ, 34 ಕುಣಿಕೆ ಹಾಕಿ 15 ಸೆಂ.ಮೀ. ಚೌಕದ ತುಂಡು ಹೆಣೆಯಬೇಕು. ಕೂತ ತಕ್ಷಣ ಬೇಡ. ಬೇರೆ ಕೆಲಸದಲ್ಲಿ ಅರ್ಧ ತಾಸು ಕೈ ಆಡಿದ ಮೇಲೆ. ತುಂಡನ್ನು ತೊಳೆದು, ಎಳೆಯದೆ ಹರಡಿ, ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ.ಯಲ್ಲಿ ಎಣಿಸಿ. ಅರ್ಧ ಕುಣಿಕೆಯನ್ನೂ ಬರೆಯಿರಿ.

ಲೆಕ್ಕ ತಪ್ಪಿದರೆ ಬದಲಿಸಬೇಕಾದ್ದು ಕಡ್ಡಿಯನ್ನು. ‘ಸಡಿಲ ಮಾಡು, ಬಿಗಿ ಮಾಡು’ ಎಂದು ಹೇಳುವುದರಿಂದ ಏನೂ ಆಗದು. ನಾಲ್ಕು ಸಾಲು ನೆನಪಿರುತ್ತದೆ, ಐದನೆಯ ಸಾಲಿಗೆ ಕೈ ತನ್ನ ಅಭ್ಯಾಸಕ್ಕೆ ಮರಳುತ್ತದೆ. 4 ಮಿ.ಮೀ. ಕಡ್ಡಿಯಲ್ಲಿ 24 ಬಂದವರಿಗೆ 4.5 ಕೊಡಿ, 20 ಬಂದವರಿಗೆ 3.5, ಮತ್ತೆ ತುಂಡು ಹೆಣೆಸಿ. ಹೆಸರು, ನೂಲು, ಕಡ್ಡಿಯ ಅಳತೆ ಬರೆದ ಚೀಟಿಯನ್ನು ತುಂಡಿಗೆ ಹೊಲಿದು ಇಟ್ಟುಕೊಳ್ಳಿ. ಬಿದಿರಿನ ಕಡ್ಡಿಗೂ ಲೋಹದ ಕಡ್ಡಿಗೂ ಅಳತೆ ಒಂದೇ ಇದ್ದರೂ ಕೈಗೆ ಒಂದೇ ಅಲ್ಲ. ಯಾವುದರಲ್ಲಿ ತುಂಡು ಹೆಣೆದರೋ ಅದರಲ್ಲೇ ಸ್ವೆಟರನ್ನೂ ಹೆಣೆಯಬೇಕು.

ಸೀದಾ ಸಾಲು ಬಿಗಿ, ಉಲ್ಟಾ ಸಾಲು ಸಡಿಲ ಬರುವುದು ಬಹಳ ಜನರ ಕೈಯ ಗುಣ. ಬಟ್ಟೆಯ ಹಿಂಬದಿಯಲ್ಲಿ ಎರಡೆರಡು ಸಾಲಿನ ನಡುವೆ ಕಾಲುವೆಯಂಥ ಗೆರೆ ಕಂಡರೆ ಅದೇ ಕಾರಣ. ಉಲ್ಟಾ ಸಾಲಿಗೆ ಮಾತ್ರ ಕಾಲು ಅಥವಾ ಅರ್ಧ ಮಿ.ಮೀ. ಸಣ್ಣ ಕಡ್ಡಿ ಹಿಡಿಯಲಿ. ಉಣ್ಣೆಯ ಲಾಟ್ ಬದಲಾಗುವುದು ಅನಿವಾರ್ಯವಾದರೆ ಹಳೆಯದೆರಡು ಸಾಲು, ಹೊಸದೆರಡು ಸಾಲು ಎಂದು ಹತ್ತಾರು ಸಾಲು ಬೆರೆಸಿ, ಗೆರೆ ಕಾಣುವುದಿಲ್ಲ.

## ಹಂತ 9: ತೊಳೆದು ಹದಮಾಡುವುದು

ಮಗ್ಗದಿಂದ ಇಳಿದದ್ದು ಇನ್ನೂ ಬಟ್ಟೆಯಲ್ಲ. ಕುಚ್ಚು ಹೊಸೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಅರೆ ಒಣಗಿದಾಗ ಇಸ್ತ್ರಿ ಮಾಡಿ. ತೊಳೆಯದೆ ಮಾರಿದ ಶಾಲು ಕೊಂಡವರ ಮನೆಯಲ್ಲಿ ಕುಗ್ಗುತ್ತದೆ.

ಉಣ್ಣೆಗೆ ಬಿಸಿನೀರು, ಉಜ್ಜುವಿಕೆ, ಬಿಸಿಯಿಂದ ತಣ್ಣೀರಿಗೆ ಹಠಾತ್ತನೆ ಬದಲಿಸುವುದು, ಈ ಮೂರೂ ಆಗದು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತೆ ಗಟ್ಟಿಯಾದರೆ ಹಿಂದಿರುಗಿಸಲಾಗದು. 30 ಡಿಗ್ರಿ ಮೀರದ ನೀರು, ಜಾಲಿಸುವ ನೀರಿಗೂ ಅದೇ ಬಿಸಿ, ಹಗ್ಗಕ್ಕೆ ತೂಗುಹಾಕದೆ ನೆಲಕ್ಕೆ ಹರಡಿ ಒಣಗಿಸುವುದು. ಬೆವರು, ಎಣ್ಣೆ ಕಲೆ ಇರುವ ಉಣ್ಣೆಯನ್ನು ನುಸಿ ಮೊದಲು ಹಿಡಿಯುತ್ತದೆ. ತೊಳೆದೇ ಮುಚ್ಚಿಡಿ, ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

## ಹಂತ 10: ಕೂಲಿಯ ಲೆಕ್ಕ

ಮಹಿಳೆಯರಿಗೆ ಅನ್ಯಾಯವಾಗುವುದು ಇಲ್ಲೇ. ಹೆಚ್ಚಿನ ಸಲ ಯಾರೂ ಬೇಕೆಂದು ಮಾಡಿದ್ದಲ್ಲ, ಲೆಕ್ಕ ಹಾಕದಿರುವುದರಿಂದ ಆದದ್ದು. ‘ಒಂದು ಶಾಲು ನೇಯಲು ಎಷ್ಟು ಹೊತ್ತು?’ ಎಂದು ಕೇಳಿದರೆ ಬರುವ ಉತ್ತರ ಐದು ತಾಸು. ಹೊಸದಾಗಿ ಕಲಿತವರ ಹದಕ್ಕೆ ಅದು ಸರಿಯಾದ ಅಂದಾಜೇ: ನಿಮಿಷಕ್ಕೆ ಹತ್ತು ಓಟದಂತೆ 2,240 ಓಟಕ್ಕೆ 3 ತಾಸು 44 ನಿಮಿಷ, ಅಳೆಯಲು, ಸುತ್ತಲು, ಕಡಿದದ್ದು ಕಟ್ಟಲು ಉಳಿದದ್ದು.

ಉಳಿದ ದುಡಿಮೆಯನ್ನು ಬರೆದು ನೋಡಿ. ಹಾಸು ಸುತ್ತಲು 6 ತಾಸು, ದಿಂಡಿಗೆ ಮೂವರ ಒಂದೂವರೆ ತಾಸು ಸೇರಿ 4.5, ಹೀಲ್ಡಿಗೆ 5, ಹಣಿಗೆಗೆ 1.5, ಕಟ್ಟಿ ಪರೀಕ್ಷಿಸಲು 1. ಒಟ್ಟು 18 ತಾಸು. ಆರು ಶಾಲಿಗೆ ಹಂಚಿದರೆ ತಲಾ 3. ಕಂಡಿಕೆ ಸುತ್ತಲು ಮುಕ್ಕಾಲು ತಾಸು, ಕುಚ್ಚಿಗೆ ಒಂದು, ತೊಳೆದು ಇಸ್ತ್ರಿಗೆ ಅರ್ಧ. ಐದು ತಾಸು ಎಂದುಕೊಂಡ ಶಾಲಿನಲ್ಲಿ ಇರುವುದು ಹತ್ತೂಕಾಲು ತಾಸು. ಅಂದರೆ ಅರ್ಧಕ್ಕಿಂತ ಹೆಚ್ಚು ದುಡಿಮೆ ಮಗ್ಗದ ಮೇಲೆ ಕೂತವರ ಕೈಯಲ್ಲಿ ಆದದ್ದೇ ಅಲ್ಲ. ಜಡೆ ಸುತ್ತಿದವರು, ಕಂಡಿಕೆ ತುಂಬಿದವರು, ವಯಸ್ಸಾಗಿ ಮೆಟ್ಟು ತುಳಿಯಲಾಗದೆ ಕುಚ್ಚು ಹೊಸೆದವರು ಮಾಡಿದ್ದು. ನೇಯ್ದವರಿಗಷ್ಟೇ ತುಂಡಿನ ಲೆಕ್ಕದಲ್ಲಿ ಕೊಟ್ಟರೆ ಇವರೆಲ್ಲ ಬಿಟ್ಟಿ ದುಡಿದಂತೆ.

ನಿಮ್ಮ ಮನೆಯ ತಾಸುಗಳು ಬೇರೆ ಇರುತ್ತವೆ. ಮೊದಲ ಎರಡು ಹಾಸಿಗೆ ಪ್ರತಿ ಕೆಲಸದ ಹೊತ್ತನ್ನೂ ಬರೆದಿಟ್ಟು, ಎಲ್ಲರಿಗಿಂತ ಚುರುಕಾದವರ ಹೊತ್ತನ್ನಲ್ಲ, ನಡುವಿನವರ ಹೊತ್ತನ್ನು ಅಳತೆಗೋಲು ಮಾಡಿ. ಪುಸ್ತಕದಲ್ಲಿ ದಿನಾಂಕ, ಕೆಲಸ, ಶುರು, ಮುಕ್ತಾಯ, ತೆಗೆದುಕೊಂಡ ನೂಲಿನ ತೂಕ, ಹಿಂದಿರುಗಿಸಿದ ತೂಕ, ಸಹಿ ಇಷ್ಟು ಅಂಕಣ ಸಾಕು. ತಮ್ಮ ಸಾಲನ್ನು ತಾವೇ ಬರೆಯಲಿ. ಅಕ್ಷರ ಬಾರದವರು ತಾಸಿಗೊಂದು ಗೀಟು ಎಳೆದರೂ ಆದೀತು. ಇನ್ನೊಬ್ಬರು ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮಾತ್ರ ಬೇಡ. ಬೆಲೆ ಗೊತ್ತುಮಾಡುವ ದಿನ ಈ ಪುಸ್ತಕ ಎಲ್ಲರ ಮುಂದೆ ತೆರೆದಿರಬೇಕು.

ಇನ್ನು ಮೂರು ವಿಷಯ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಿ. ಮಾರಾಟವಾದ ಮೇಲೆ ಕೂಲಿ ಎಂಬ ಕರಾರು ನಿಲ್ಲುವುದಿಲ್ಲ, ಒಂದು ಹಾಸಿನ ಪೂರ್ತಿ ಕೂಲಿ ಕೈಯಲ್ಲಿದ್ದಾಗಲೇ ಆ ಹಾಸು ಶುರುವಾಗಬೇಕು. ನೂಲಿನ ದೋಷಕ್ಕೆ, ಕಲಿಕೆಯ ತಪ್ಪಿಗೆ ಕೂಲಿ ಹಿಡಿಯಬಾರದು, ಅದು ಬೆಲೆಯೊಳಗೆ ಸೇರಿಸಬೇಕಾದ ಖರ್ಚು. ಗುಣಮಟ್ಟ ನೋಡುವಾಗ ಇಬ್ಬರು ನೋಡಲಿ, ನೇಯ್ದವರು ಎದುರಿಗಿರಲಿ.

## ಹಂತ 11: ಆರನೆಯ ಶಾಲು ಮುಗಿಯುವಾಗ

ಹಳೆಯ ಹಾಸನ್ನು ಹೀಲ್ಡ್ ಕಣ್ಣಿನಿಂದ ಎಳೆದು ತೆಗೆಯಬೇಡಿ. ಶಾಲನ್ನು ಕತ್ತರಿಸುವಾಗ ಹಣಿಗೆಯ ಮುಂದೆ ಏಳೆಂಟು ಇಂಚು ಉಳಿಸಿ, 24 ಎಳೆಗೊಂದು ಜಾರುಗಂಟು ಹಾಕಿ. ಹಿಂದೆ ದಿಂಡಿನಿಂದ ಬಿಡಿಸುವ ಮೊದಲು ಕತ್ತರಿಯ ಕೋಲುಗಳು ಹಾಗೆಯೇ ಇರುವಂತೆ ಕಟ್ಟಿಡಿ. ಮುಂದಿನ ಹಾಸೂ 720 ಎಳೆಯದೇ ಆದರೆ ಅದನ್ನು ದಿಂಡಿಗೆ ಸುತ್ತಿ, ಹೊಸ ಎಳೆಯ ತುದಿಯನ್ನು ಹಳೆಯ ಎಳೆಯ ತುದಿಗೆ ಸರದಿಯಂತೆ ಹೊಸೆದು ಕೂಡಿಸುತ್ತ ಹೋಗಬಹುದು. ನೇಕಾರರು ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹೊಸೆಯುವುದು ರೂಢಿಯಾಗುವ ತನಕ ಸಣ್ಣ ಗಂಟು ಹಾಕಿ. ಕತ್ತರಿಯಲ್ಲಿ ಮುಂದೆ ನಿಂತ ಎಳೆಯನ್ನೇ ಎತ್ತಿಕೊಳ್ಳಿ, ಕೈಗೆ ಹತ್ತಿರವಿದ್ದದ್ದನ್ನಲ್ಲ. ಎಲ್ಲ ಕೂಡಿದ ಮೇಲೆ ಮುಂದಿನಿಂದ ಒಂದೊಂದು ಜಾರುಗಂಟಿನ ಕಟ್ಟನ್ನೇ ಹಿಡಿದು ಮೆಲ್ಲಗೆ ಎಳೆಯಿರಿ. 720 ಗಂಟೂ ಹೀಲ್ಡ್ ಕಣ್ಣು ದಾಟಿ, ಹಣಿಗೆ ದಾಟಿ ಮುಂದೆ ಬರಬೇಕು. ಒಂದು ಎಳೆ ತಡೆದರೆ ಜಗ್ಗದೆ, ಹಿಂದೆ ಹೋಗಿ ಗಂಟಿನ ಬಾಲ ಕತ್ತರಿಸಿ ಬನ್ನಿ.